ನಲವತ್ತೊಂದನೆಯ ದಿನ

ಗಾಳಿಗೆ ಬೆನ್ನು ಕೊಟ್ಟು ಕೂತು, ಇನಾಸ ಮಾಮ ಒಡಕು ಮಡಕೆಯೊಳಗಿನ ಬೆಂಕಿಗೆ ಒಣಗಿದ ತೆಂಗಿನ ಗರಿಗಳನ್ನು ತುರುಕುತ್ತಿದ್ದ. ಹೋದ ವರ್ಷ ಗರಿಗಳ ಭಾನುವಾರ ಪಾದ್ರಿ ಆಶೀರ್ವದಿಸಿಕೊಟ್ಟ ಗರಿಗಳು ಅವು. ವರ್ಷವಿಡೀ ಮನೆಮನೆಯ ಶಿಲುಬೆಯ ಹಿಂದೆ ಸಿಕ್ಕಿಕೊಂಡಿದ್ದು ಈಗ ಅವನ ಅಂಗಳಕ್ಕೆ ಬಂದಿದ್ದವು. ಇವತ್ತು ಸುಟ್ಟು, ಬಟ್ಟೆಯಲ್ಲಿ ಸೋಸಿಟ್ಟರೆ ನಾಳೆ ಬೂದಿ ಬುಧವಾರಕ್ಕೆ, ಪಾಪದ ಪಶ್ಚಾತ್ತಾಪದ ಗುರುತಾಗಿ, ಕೇರಿಯ ಇಪ್ಪತ್ತೆರಡು ಮನೆಯವರ ಹಣೆಗೂ ಆಯಿತು.

ಕೈತಾನ ಬೇಲಿಯ ಹೊರಗೆ ಚಪ್ಪಲಿ ಬಿಟ್ಟ. ಅಂಗಳಕ್ಕೆ ಯಾರೂ ಚಪ್ಪಲಿ ಬಿಟ್ಟು ಬರುವ ಪದ್ಧತಿ ಇರಲಿಲ್ಲ. ಹೇಳಬೇಕಾದ ಮಾತಿನ ಭಾರ ಅವನ ಕಾಲಿನ ತನಕ ಇಳಿದಿತ್ತು, ಅಷ್ಟೇ. ಶಿರಸಿ ಡಿಪೋದಲ್ಲಿ ಇಪ್ಪತ್ತೈದು ವರ್ಷ ಕಂಡಕ್ಟರಾಗಿ, ಸಾವಿರಾರು ಜನರನ್ನು 'ಮುಂದೆ ಹೋಗಿ, ಮುಂದೆ ಹೋಗಿ' ಎಂದು ದೂಡಿದವನಿಗೆ ಈ ಅಂಗಳದಲ್ಲಿ ಮಾತ್ರ ಮುಂದೆ ಹೋಗಲು ಆಗಲಿಲ್ಲ.

"ಯಾರದು? ಕೈತಾನನ? ಬಾರಾ. ಬೂದಿಗೆ ಒಂದು ದಿನ ಮೊದ್ಲೇ ಬಂದ್ಯಲ್ಲ. ಅಷ್ಟು ಪಾಪ ಮಾಡಿದ್ಯನ?"

"ಹೌದು ಮಾಮ," ಎಂದ ಕೈತಾನ. ಮುದುಕ ನಗಲಿಲ್ಲ; ಹೊಗೆಗೆ ಕಣ್ಣು ಕಿರಿದು ಮಾಡಿ ನೋಡಿದ.

"ಯಲ್ಲಾಪುರದಾಗೆ ಫಾದರ್ ಸಿಕ್ಕಿದ್ರು. ನಾಳೆ ಬಿಟ್ಟು ಮುಂದಿನ ಬುಧವಾರ ನಿನೆವೆ ಪಾಠ ಓದು ಅಂತ ನಿಂಗೆ ಹೇಳಿದ್ರಂತೆ. ನೀ ಆಗೂದಿಲ್ಲ ಅಂದ್ಯಂತೆ," ಎಂದು ಕೈತಾನನೇ ಮಾತು ತೆಗೆದ.

"ಹಲ್ಲಿಲ್ಲ ನಂಗೆ. ಓದಿದ್ರೆ ನಿನೆವೆ ಅಂಬೂದು ಇನ್ನೆಂತೋ ಆಗ್ತದೆ."

ವಿಷಯ ಹಲ್ಲಿನದಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಪಾದ್ರಿ ತಿಂಗಳಿಗೊಮ್ಮೆ ಬರುತ್ತಿದ್ದ ಕಾಲದಲ್ಲಿ ಉಳಿದ ಭಾನುವಾರಗಳ ಪ್ರಾರ್ಥನೆ, ಪಾಠವೆಲ್ಲ ಇನಾಸ ಮಾಮನದೇ. ಕೇರಿಯ ಮಕ್ಕಳಿಗೆ ಜಪ ಕಲಿಸಿದವನೂ, ಕೈತಾನನಿಗೆ ಅಕ್ಷರ ತಿದ್ದಿಸಿದವನೂ ಅವನೇ. ಮೂಗಿನಲ್ಲಿ ಒಂದು 'ಹ್ಞೂಂ', ಗಂಟಲಲ್ಲಿ ಎರಡು ಕೆಮ್ಮು, ಆಮೇಲೆ ದೇವರ ವಾಕ್ಯ. ನಲವತ್ತು ದಿನದಲ್ಲಿ ನಿನೆವೆ ಪಟ್ಟಣ ಮಗುಚಿ ಬೀಳುವುದೆಂದು ಮೀನಿನ ಹೊಟ್ಟೆಯಿಂದ ಹೊರಬಂದ ಪ್ರವಾದಿ ಸಾರಿದ ಆ ಬೈಬಲ್ ಪಾಠವನ್ನು ಅವನು ಓದಿದರೆ ಹಿಂದಿನ ಬೆಂಚಿನ ಮಕ್ಕಳು ಮೀನಿನ ಹೊಟ್ಟೆಯೊಳಗೇ ಕೂತಂತೆ ಉಸಿರು ಹಿಡಿಯುತ್ತಿದ್ದರು. ಅಂಥವನು ಮೂವತ್ತು ವರ್ಷದಿಂದ ಕೊನೆಯ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂರುತ್ತಿದ್ದ. ಪ್ರವಾದಿಯೆಂದು ನಲವತ್ತು ದಿನ ಮೆರೆದು, ಕಡೆಗೆ ಸುಳ್ಳು ಪ್ರವಾದಿಯೆಂಬ ಅಪವಾದ ಹೊತ್ತವನು.

"ಮಾಮ, ಆ ವರ್ಷ ಬೂದಿ ಬುಧವಾರ ಬೆಳಿಗ್ಗೆ ಇಗರ್ಜಿ ಮೈಕಿನಾಗೆ ಮಾತಾಡಿದ್ದು ನೀ ಅಲ್ಲ. ನಾನು."

ಗರಿ ಹಿಡಿದ ಕೈ ಮಡಕೆಯ ಬಾಯಲ್ಲೇ ನಿಂತಿತು.

ಕೈತಾನ ಒಂದೇ ಉಸಿರಿಗೆ ಹೇಳಿದ. ಆಗ ಅವನಿಗೆ ಇಪ್ಪತ್ತೆರಡು. ಶಿರಸಿ ಕಾಲೇಜಿನಲ್ಲಿ ಪ್ರಿನ್ಸಿಪಾಲರಿಂದ ಹಿಡಿದು ಕ್ಯಾಂಟೀನಿನ ಶಫಿಯವರೆಗೆ ಎಲ್ಲರ ಧ್ವನಿ ತೆಗೆದು ಚಪ್ಪಾಳೆ ಹೊಡೆಸಿಕೊಳ್ಳುತ್ತಿದ್ದ ಕಾಲ. ಮಾಮನಿಗೆ ಜ್ವರ. ಜಪ ಹೇಳಿಸು ಎಂದು ಇಗರ್ಜಿಯ ಬೀಗದ ಕೈ ಇವನಿಗೆ ಕೊಟ್ಟಿದ್ದ. ಒಳಗೆ ಇನ್ನೂ ಯಾರೂ ಬಂದಿರಲಿಲ್ಲ; ಕೇರಿಗೆಲ್ಲ ಕೇಳುವ ಮೈಕು ಕಂಡೊಡನೆ ಗಂಟಲು ತುರಿಸಿತು. ಒಂದು 'ಹ್ಞೂಂ', ಎರಡು ಕೆಮ್ಮು: ಇನ್ನು ನಲವತ್ತು ದಿನ, ಆಮೇಲೆ ಈ ಕೇರಿ ಮಗುಚಿ ಬೀಳುತ್ತದೆ. ಭಾನುವಾರ ನಿಜ ಹೇಳಿ ಎಲ್ಲರನ್ನೂ ನಗಿಸಬೇಕೆಂದಿದ್ದ. ಅಷ್ಟರೊಳಗೆ ಹೆದರಿದ ಕೇರಿಯೇ ಬೇರೆಯಾಗಿಬಿಟ್ಟಿತು. ಕುಡುಕ ಮಿಂಗೇಲ ಸಾರಾಯಿ ಬಾಟಲಿ ಹಳ್ಳಕ್ಕೆ ಎಸೆದ. ಕೇರಿಯ ದುರ್ಗಿಯ ಕಳುವಾಗಿದ್ದ ಹುಂಜ, ಕಾಲಿಗೆ ಹೊಸ ದಾರ ಕಟ್ಟಿಸಿಕೊಂಡು, ತಾನಾಗಿಯೇ ಎಂಬಂತೆ ಅವಳ ಅಂಗಳದಲ್ಲಿ ಕೂಗಿತು. ನಗಿಸುವ ದಿನ ದಾಟಿಹೋಯಿತು.

ನಲವತ್ತು ದಿನ ಕಳೆದರೂ ಒಂದು ಹೆಂಚೂ ಅಲುಗಲಿಲ್ಲ. ಆಮೇಲೆ ಮಂದಿಯ ಗೇಲಿ ಶುರುವಾಯಿತು: "ಮಾಮ, ನಮ್ಮನೆ ಬೀಳೂದು ಯಾವಾಗ? ರಿಪೇರಿ ಖರ್ಚಾದ್ರೂ ಉಳೀತಿತ್ತು!"

"ನೀ ಓದೂದು ಬಿಟ್ಟಿ. ನಾ ಊರಿಗೆ ಬರೂದು ಕಮ್ಮಿ ಮಾಡ್ದೆ," ಎಂದ ಕೈತಾನ. "ಬೈ ಮಾಮ. ಹೊಡೆದ್ರೂ ಅಡ್ಡಿಲ್ಲ."

ಮುದುಕ ಕೈಯಲ್ಲಿದ್ದ ಗರಿಯನ್ನು ಒಳಗೆ ಬಿಟ್ಟ. ಮಡಕೆಯಲ್ಲಿ ಗರಿ ಚಟಚಟ ಎಂದಿತು.

"ಇನ್ನೊಂದ್ಸಲ ಹೇಳು," ಎಂದ.

"ಯಾವ್ದು?"

"ಅದೇ. ಹಂಗೇ ಹೇಳು."

 ಕೈತಾನ ಕಣ್ಣು ಮುಚ್ಚಿದ. ಮೂಗಿನಲ್ಲಿ 'ಹ್ಞೂಂ' ಬಂತು, ಕೆಮ್ಮು ಬಂತು. ಆ ಹಿಂದೆಯೇ ಐವತ್ತು ವರ್ಷದ ಇನಾಸ ಅಂಗಳದಲ್ಲಿ ಎದ್ದು ನಿಂತ. ಇಗರ್ಜಿಯ ಗೋಡೆಗೆ ತಾಗಿ ತಿರುಗಿ ಬರುತ್ತಿದ್ದ ಆ ದಪ್ಪ ಧ್ವನಿ. "ಇನ್ನು ನಲವತ್ತು ದಿನ..."

ಮುದುಕ ತಲೆ ವಾಲಿಸಿ ಕೇಳಿದ, ಬಹಳ ದಿನದ ಮೇಲೆ ಮನೆಗೆ ಬಂದವನ ಮಾತು ಕೇಳುವ ಹಾಗೆ.

"ಚಲೋ ಇತ್ತಲ್ಲನ ನನ್ನ ಗಂಟ್ಲು," ಎಂದ ಮೆಲ್ಲಗೆ. "ಜ್ವರದಾಗೆ ಕಂಬಳಿ ಹೊದ್ದು ಮಲಗಿದ್ದೆ. ನನ್ನ ಮಾತು ಹೊರಗಿಂದ ಕೇಳ್ತು. ದೇವ್ರು ನನ್ನ ಗಂಟ್ಲು ತಗಂಡೋಗಿ ಮಾತಾಡ್ತಿದ್ದಾನೆ ಅಂದ್ಕಂಡೆ. ಕೇರಿ ಮಂದಿಕಿಂತ ಮೊದ್ಲು ಹೆದ್ರಿದವ ನಾನು."

"ತಪ್ಪಾಯ್ತು ಮಾಮ."

"ಸುಮ್ನಿರು. ನನ್ನ ತಮ್ಮ ಬಸ್ತ್ಯಾಂವ ಕಾಡಿನಾಗೆ ಮರಕ್ಕೆ ಸೊಪ್ಪು ಕಟ್ಟಿ ಜೇನಿಗೆ ಗುರ್ತು ಮಾಡಿದ್ದ. ಗುರ್ತು ಇದ್ದ ಜೇನು ಯಾರೂ ಮುಟ್ಟೂದಿಲ್ಲ. ನಾ ಕಿತ್ತಿದ್ದೆ. ಏಳು ವರ್ಷ ಮಾತಿರಲಿಲ್ಲ ನಮ್ಗೆ. ಅವತ್ತು ಜ್ವರದಾಗೇ ಎದ್ದು ಹೋಗಿ ಅವನ ಕಾಲು ಹಿಡ್ದೆ. ಅವ ಅಂದ, 'ಅಣ್ಣಾ, ಆ ಜೇನು ಮೊದ್ಲು ಕಂಡವ ಬೈರ. ಅವನ ಗುರ್ತು ಬಿಚ್ಚಿ ನಂದು ಕಟ್ಟಿದ್ದೆ.' ಇಬ್ರೂ ಹೋಗಿ ಬೈರನ ಕಾಲಿಗೆ ಬಿದ್ವಿ. ಆ ಮಳೆಗಾಲ ಬಸ್ತ್ಯಾಂವ ತೀರಿ ಹೋದ. ನನ್ನ ಜೊತೆ ಮಾತಾಡ್ಕಂಡೇ ಹೋದ."

ಕೈತಾನ ಕೆಳಗೆ ಬಿದ್ದ ಗರಿಯೊಂದನ್ನು ಎತ್ತಿ ಮಡಕೆಗೆ ಹಾಕಿದ.

"ಮಂದಿ ನಗ್ತಾರೆ ಅಂತ ನಾ ಓದೂದು ಬಿಟ್ಟಿದ್ದಲ್ಲ. ನಲವತ್ತೊಂದನೇ ದಿನ ಕೇರಿ ಹಿಂದಿನ ದಿಬ್ಬದ ಮೇಲೆ ಹೋಗಿ ಕೂತಿದ್ದೆ. ಬೆಳಿಗ್ಗಿಂದ ಸಂಜೆ ತನ್ಕ ಮನೆಗಳ ಮಾಡು ನೋಡ್ತಾ." ಧ್ವನಿ ಸಣ್ಣಗಾಯಿತು. "ಒಂದಾದ್ರೂ ಬೀಳ್ಲಿ ಅಂತ. ಮಕ್ಳಿದ್ದ ಮನೆ, ಗೊತ್ತನ? ನಾನು ಅಕ್ಷರ ಕಲಿಸಿದ ಮಕ್ಳು. ಕೇರಿ ಉಳೀತಲ್ಲ ಅಂತ ಸಂತೋಷ ಇಲ್ಲ, ನನ್ನ ಮಾತು ಬಿತ್ತಲ್ಲ ಅಂತ ಸಿಟ್ಟು. ಆ ಮೀನಿನ ಪ್ರವಾದಿನೂ ಹಂಗೇ ಕೂತಿದ್ದ ನಿನೆವೆ ಹೊರಗೆ. ಊರವ್ರು ತಿದ್ಕಂಡ್ರು ಅಂತ ದೇವ್ರು ಕನಿಕರ ಮಾಡಿ ಊರು ಉಳ್ಸಿದ್ದಕ್ಕೆ ಮುನಿಸು ಅವಂಗೆ. ಆ ಪಾಠ ಯಾವ ಬಾಯಿಂದ ಓದ್ಲಿ? ಯಾವ ಪಾದ್ರಿಗೂ ಹೇಳಿಲ್ಲ ಇದು."

ಹೊಗೆ ತೆಳುವಾಗುತ್ತಿತ್ತು.  ಜಗತ್ತಿನ ಧ್ವನಿಗಳನ್ನೆಲ್ಲ ಬಲ್ಲ ಕೈತಾನನ ಬಳಿ ಆ ಹೊತ್ತಿಗೆ ತನ್ನದೊಂದೂ ಇರಲಿಲ್ಲ.

"ಮೂವತ್ತು ವರ್ಷ," ಎಂದ ಮುದುಕ. "ದಿನಾ ಮಲಗೂ ಮುಂಚೆ ಜಗಳ ಆಡೀನಿ ದೇವ್ರ ಹತ್ರ. 'ನನ್ನ ಬಾಯಿಂದ ಹೇಳ್ಸಿ ಯಾಕೆ ಮಾತು ತಪ್ದಿ?' ಅಂತ. ಅವ..."

ನಿಲ್ಲಿಸಿದ. ಭುಜ ಸಣ್ಣಗೆ ಕುಲುಕಿತು. ಅಳುತ್ತಾನೆಂದು ಕೈತಾನ ಹತ್ತಿರ ಸರಿದ.

"ಅವ ಒಂದ್ಸಲನಾದ್ರೂ 'ಅದು ನಾನಲ್ಲ ಮಾರಾಯಾ, ಕೈತಾನ' ಅಂತ ಹೇಳೂದಲ್ಲನ? ಬೈಸ್ಕಂಡು ಸುಮ್ನೆ ಕೂತಿದ್ದಾನೆ, ಬೈಸ್ಕಂಡು!"

ಆಮೇಲೆ ಬಂದ ನಗೆಗೆ ಹಲ್ಲಿನ ಅಡ್ಡಿಯೇ ಇರಲಿಲ್ಲ. ಕೈತಾನನೂ ನಕ್ಕ, ಕಣ್ಣೊರೆಸಿಕೊಂಡ, ಮತ್ತೆ ನಕ್ಕ. ಒಳಗಿನಿಂದ ಲುಯಿಜಾ ಮಾಮಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಎಂತಾ ಆಯ್ತು ನಿಮ್ಗೆ? ಗರಿ ಸುಡೂ ಹೊತ್ತಿಗೆ ಇದೆಂತಾ ನಗೆ?" ಎಂದು ಗದರಿದವಳು, ಇಬ್ಬರ ಮುಖ ನೋಡಿ, ಏನೆಂದು ತಿಳಿಯದೆಯೇ ಹೊಸ್ತಿಲ ಮೇಲೆ ಕೂತು ನಗತೊಡಗಿದಳು. ಮೂವರಲ್ಲಿ ದೊಡ್ಡದಾಗಿ ನಗುತ್ತಿದ್ದವನು ಇನಾಸನೇ. ರಸ್ತೆಯಲ್ಲಿ ಸೌದೆ ಹೊತ್ತು ಹೋಗುತ್ತಿದ್ದ ಹೆಂಗಸರು ಹೊರೆ ಇಳಿಸದೆ ನಿಂತು, ಬೇಲಿಯಾಚೆಯಿಂದ ಕೇಳುತ್ತಿದ್ದರು.