ಇಪ್ಪತ್ತು ವರ್ಷದ ರಮ್ಮು, ಕಮಲಾಪುರದ ಬಾಗಿಲು

ಕಮಲಾಪುರದ ಅಣವೀರಪ್ಪನ ಮೂಗಿಗೆ ಹೆದರದ ಗಾಣದವರು ಆ ಸೀಮೆಯಲ್ಲಿ ಇರಲಿಲ್ಲ. ಬೆಲ್ಲದ ಪೆಂಟೆಯನ್ನು ಉಗುರಿನಿಂದ ಒಂದಿಷ್ಟು ಕೆರೆದು, ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದನೆಂದರೆ ಸಾಕು, ಕಬ್ಬು ಎರೆಹೊಲದ್ದೋ ಮಡ್ಡಿಯದ್ದೋ, ಒಲೆಗೆ ಹಾಕಿದ್ದು ಜಾಲಿಯೋ ಹುಣಸೆಯೋ, ಎಲ್ಲವನ್ನೂ ಹೇಳಿಬಿಡುತ್ತಿದ್ದ. ಒಮ್ಮೆ ಮಹಾಗಾಂವದ ಗಾಣದ ಮಾಲೀಕನಿಗೆ, ಈ ಪಾಕ ಕುದಿಯುವಾಗ ನಿನ್ನ ಆಳು ನಿದ್ದೆ ಹೊಡೆದಿದ್ದಾನೆ ಎಂದ. ವಿಚಾರಿಸಿದರೆ ಮಾತು ನಿಜವಾಗಿತ್ತು. ಆಳಿನ ಕೆಲಸ ಹೋಯಿತು, ಅಣವೀರಪ್ಪನ ಕೀರ್ತಿ ಬೆಳೆಯಿತು.

ಅವನು ಸ್ವಂತ ಗಾಣವಿದ್ದ ಲಿಂಗವಂತ. ಪೂಜೆಯಾಗದೆ ನೀರು ಮುಟ್ಟುವವನಲ್ಲ. ಸೆರೆಯ ಅಂಗಡಿ ಎದುರಾದರೆ ದಾರಿಯ ಆ ಮಗ್ಗುಲಿಗೆ ದಾಟಿ ನಡೆಯುವವನು. ಇಂಥವನ ಗಾಣದ ಮುಂದೆ ಒಂದು ಬೆಳಿಗ್ಗೆ ಸರ್ಕಾರಿ ಪಟ್ಟೆ ತೊಟ್ಟ ಜವಾನನೊಬ್ಬ ಕುದುರೆಯಿಂದ ಇಳಿದು, ಉರ್ದುವಿನಲ್ಲಿ ಬರೆದ ಹುಕುಂ ಬಿಚ್ಚಿದ. ಕಲಬುರ್ಗಿಯಲ್ಲಿ ಸರ್ಕಾರ ‘ಹಳೆ ಮಾಲಿನ ಕಮಿಟಿ’ ಎಂಬುದೊಂದನ್ನು ಮಾಡಿದೆ, ಅದರ ಮುಂದೆ ಅಣವೀರಪ್ಪ ಮೂಗು ಸಮೇತ ಹಾಜರಾಗಬೇಕು ಎಂದು ಅದರಲ್ಲಿತ್ತು. ಹೆಂಡತಿ ಸೂಗಮ್ಮ ಒಳಗಿನಿಂದ ಅರ್ಧ ಮಾತ್ರ ಕೇಳಿಸಿಕೊಂಡು, ಸರ್ಕಾರ ಮೂಗು ಕೊಯ್ಯುವ ಶಿಕ್ಷೆಯನ್ನು ಮತ್ತೆ ಶುರುಮಾಡಿದೆ ಎಂದು ತಿಳಿದು ಅಳತೊಡಗಿದಳು. ಕೊಯ್ಯುವುದಕ್ಕಲ್ಲ, ರಮ್ಮು ಎಂಬ ಸೆರೆಯನ್ನು ಮೂಸುವುದಕ್ಕೆ ಎಂದು ಜವಾನ ಬಿಡಿಸಿ ಹೇಳಿದ ಮೇಲೆ ಅಳು ನಿಂತು ಸಿಟ್ಟು ಬಂತು.

“ಸೆರಿ ಮೂಸಾಕ ಇಡೀ ಸೀಮಿಗೆ ನಮ್ಮ ಮನಿಯವ್ರೇ ಬೇಕಾಗಿತ್ತೇನು?” ಎಂದಳು.

ಅಣವೀರಪ್ಪನಿಗೂ ಮುಜುಗರವಾಗಿತ್ತು. ಆದರೆ ಚಕ್ಕಡಿ ಮಹಾಗಾಂವ ದಾಟಿ ಕಲಬುರ್ಗಿಯ ದಾರಿ ಹಿಡಿಯುವಷ್ಟರಲ್ಲಿ, ಸರ್ಕಾರದ ಕಿವಿಗೂ ನನ್ನ ಮೂಗಿನ ಸುದ್ದಿ ಮುಟ್ಟಿತಲ್ಲ ಎಂಬ ಸಣ್ಣದೊಂದು ಹಿಗ್ಗು ಅವನೊಳಗೆ ಕೂತಿತ್ತು. ಮೂಸಿದರೆ ಮೈಲಿಗೆ ಇಲ್ಲ, ಕುಡಿದರೆ ತಾನೆ ಎಂದು ಸಮಾಧಾನ ಮಾಡಿಕೊಂಡ.

ಸ್ಟೇಶನ್ ಬಜಾರದ ಹಿಂದಿನ ಬಂಗಲೆಯಲ್ಲಿ ಕಮಿಟಿ ಕೂಡುತ್ತಿತ್ತು. ಹೈದರಾಬಾದಿನಿಂದ ದೊಡ್ಡ ಸಾಹೇಬರೊಬ್ಬರು ಬರುವವರಿದ್ದರು. ಅವರ ಔತಣಕ್ಕೆ ಹಳೆಯ ರಮ್ಮು ಬೇಕು. ಯಾವ ರಮ್ಮು ಪಾಸಾಗುವುದೋ ಅದರ ವ್ಯಾಪಾರಿಗೆ ಮುಂದಿನ ಸರ್ಕಾರಿ ಔತಣಗಳೆಲ್ಲ ಮೀಸಲು. ನಾಲ್ವರು ವ್ಯಾಪಾರಿಗಳು ನಾಲ್ಕು ಸೀಸೆ ಕಳಿಸಿದ್ದರು. ಐದು ವರ್ಷದ್ದು, ಹತ್ತರದ್ದು, ಹನ್ನೆರಡರದ್ದು, ಇಪ್ಪತ್ತರದ್ದು ಎಂದು ಚೀಟಿ ಅಂಟಿತ್ತು. ಚೀಟಿ ನಿಜವೋ ಸುಳ್ಳೋ ಎಂದು ರುಚಿ ನೋಡಿ ಬರೆಯುವುದು ಕಮಿಟಿಯ ಕೆಲಸ. ಏಳು ದಿನ ರುಚಿ ನೋಡಿಯಾಗಿತ್ತು. ದಿನವೂ ನಾಲ್ಕನೆಯ ಸೀಸೆಯ ಹೊತ್ತಿಗೆ ಸದಸ್ಯರಲ್ಲಿ ಪೂರ್ಣ ಒಮ್ಮತ ಮೂಡುತ್ತಿತ್ತು. ಮರುದಿನ ಬೆಳಿಗ್ಗೆ ಯಾವ ವಿಷಯದಲ್ಲಿ ಎಂಬುದು ಯಾರಿಗೂ ನೆನಪಿರುತ್ತಿರಲಿಲ್ಲ.

ಸದಸ್ಯರು ಮೂವರು. ಅಧ್ಯಕ್ಷರು ಇನಾಯತ್ ಸಾಹೇಬರು, ಐದು ಹೊತ್ತಿನ ನಮಾಜು ತಪ್ಪಿಸದ ಅಧಿಕಾರಿ. ಅಣವೀರಪ್ಪ ಗ್ಲಾಸಿನ ಕಡೆ ನೋಡಿದ್ದನ್ನು ಕಂಡು ಅವರೇ ಹೇಳಿದರು: “ನಾ ಕುಡಿಯಂಗಿಲ್ಲ, ಅಣವೀರಪ್ಪ. ಸರ್ಕಾರ ಕುಡೀತದ. ನಾಲಗಿ ಅಷ್ಟ ನಂದು.” ಎರಡನೆಯವರು ವಕೀಲ ದೇವೀಂದ್ರಪ್ಪ. ಗ್ಲಾಸಿನಿಂದ ಕುಡಿದದ್ದು ಸೆರೆ, ಚಮಚದಿಂದ ಕುಡಿದದ್ದು ಔಷಧ ಎಂಬುದು ಅವರ ಕಾನೂನು. ಅವರ ಚಮಚ ಒಂದು ಗಳಿಗೆಯೂ ಬಿಡುವು ಕಾಣುತ್ತಿರಲಿಲ್ಲ. ಮೂರನೆಯವರು ಪಲ್ಟನ್ನಿನಿಂದ ನಿವೃತ್ತರಾದ ಡಾಕ್ಟರ್ ಖಮರುದ್ದೀನ್. ರಂಗೂನಿನಲ್ಲಿ ಎರಡು ವರ್ಷ ಇದ್ದು ಬಂದವರಾದ್ದರಿಂದ ರಮ್ಮಿನ ವಿಷಯದಲ್ಲಿ ಅವರ ಮಾತಿಗೆ ಎದುರಿರಲಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ಪರೀಕ್ಷೆ ಶುರುವಾಯಿತು. ಕಾಕಂಬಿಯನ್ನು ಹುಳಿ ಬರಿಸಿ, ಭಟ್ಟಿ ಇಳಿಸಿ, ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿಸಿದರೆ ಈ ಬಣ್ಣ ಬರುತ್ತದೆ ಎಂದು ಡಾಕ್ಟರು ಅಣವೀರಪ್ಪನಿಗೆ ಪಾಠ ಹೇಳಿದರು. ಆಮೇಲೆ ಮೂವರೂ ಒಂದೊಂದನ್ನೇ ಚಪ್ಪರಿಸಿದರು. ಮೊದಲನೆಯದು ಹುಡುಗಾಟದ್ದು ಎಂದರು. ಎರಡನೆಯದು ಮೌನಿ. ಮೂರನೆಯದರಲ್ಲಿ ವಕೀಲರಿಗೆ ಚಂದನದ ಪೆಟ್ಟಿಗೆ ಕಾಣಿಸಿತು. ಬಂಗಾರದ ಬಣ್ಣದ ಚೀಟಿಯ ಮೇಲೆ ಹಡಗಿನ ಚಿತ್ರವಿದ್ದ ನಾಲ್ಕನೆಯದು ಬಾಯಿಗೆ ಬಿದ್ದಾಗ ಇನಾಯತ್ ಸಾಹೇಬರು ತಮ್ಮ ಅಜ್ಜನ ಫಾರಸಿ ಪುಸ್ತಕಗಳ ಚರ್ಮದ ರಟ್ಟನ್ನು ನೆನೆದರು. ಡಾಕ್ಟರಂತೂ ಕಣ್ಣಲ್ಲಿ ನೀರು ತಂದುಕೊಂಡರು. ಇದೇ ರಮ್ಮನ್ನು ಇಪ್ಪತ್ತು ವರ್ಷದ ಹಿಂದೆ ರಂಗೂನಿನಲ್ಲಿ, ಇದೇ ಪೀಪಾಯಿಯಿಂದ ಕುಡಿದದ್ದಾಗಿ ಹೇಳಿದರು. ನಾಲ್ಕನೆಯದೇ ಶ್ರೇಷ್ಠವೆಂದು ಬೆಳಿಗ್ಗೆಯೇ ಹೈದರಾಬಾದಿಗೆ ಬರೆದು ಕಳಿಸಿಯಾಗಿತ್ತು. ಅಣವೀರಪ್ಪ ಹೂಂ ಎಂದು ಸಹಿ ಹಾಕಿದರೆ ಕಾಗದ ಪೂರ್ತಿಯಾಗುತ್ತಿತ್ತು.

ಅವನು ಸೀಸೆಗಳ ಬಾಯಿಗೆ ಮೂಗು ಹಿಡಿದ. ಮೊದಲನೆಯದರಲ್ಲಿ ಮರದ ವಾಸನೆ ಆಗಷ್ಟೇ ಇಳಿದಿತ್ತು. ಐದು ವರ್ಷವೆಂದದ್ದು ಸುಳ್ಳಲ್ಲ. ಎರಡನೆಯದು ಕಣಜದ ತಳದಲ್ಲಿ ಮರೆತು ಕಳಿತ ಬಾಳೆಹಣ್ಣಿನಂತಿತ್ತು. ಆಳವಾದ, ಅವಸರವಿಲ್ಲದ ವಾಸನೆ. ಹತ್ತಲ್ಲ, ಅದಕ್ಕೂ ಮೇಲೆಯೇ ಇರಬೇಕು. ಸೆರೆಯಲ್ಲಿಯೂ ಇಂಥದ್ದೊಂದು ಗಾಂಭೀರ್ಯ ಇರಬಹುದೆಂದು ಅವನಿಗೆ ಗೊತ್ತಿರಲಿಲ್ಲ. ಇನ್ನೊಮ್ಮೆ ಮೂಸಿ, ಹಾಗೆ ಮೂಸಿದ್ದಕ್ಕೆ ನಾಚಿಕೊಂಡ. ಮೂರನೆಯದು ಮರದ ಮುಖವನ್ನೇ ಕಂಡಿರಲಿಲ್ಲ; ಸುಟ್ಟ ಸಕ್ಕರೆಯಿಂದ ಬಣ್ಣ ಕಟ್ಟಿದ್ದರು. ನಾಲ್ಕನೆಯದಕ್ಕೆ ಮೂಗು ಹಿಡಿದವನು ಹಾಗೇ ನಿಂತುಬಿಟ್ಟ.

ಅದು ಅವನದೇ ಬೆಲ್ಲ.

ಹೋದ ವರ್ಷ ಗಾಣ ನಡೆದಾಗ ಒಂದು ದಿನ ಸೌದೆ ಸಾಲದೆ, ಹಿತ್ತಲಮನೆಯ ಹಳೆಯ ಬೇವಿನ ಬಾಗಿಲನ್ನು ಒಡೆದು ಒಲೆಗೆ ಹಾಕಿದ್ದರು. ಉರಿ ಹೆಚ್ಚಾಗಿ ಕೊಪ್ಪರಿಗೆ ತಳ ಹತ್ತಿತು. ಬೇವಿನ ಕಹಿ ಹೊಗೆ ಪಾಕವನ್ನೆಲ್ಲ ತುಂಬಿತು. ತಿನ್ನಲು ಬಾರದ ಆ ಬೆಲ್ಲವನ್ನು ನಂದೂರಿನ ತುಕಾರಾಮ ಎಂಬವನು ಕೊಂಡೊಯ್ದಿದ್ದ. ಮನೆ ಕಟ್ಟಿಸುತ್ತಿದ್ದೇನೆ, ಸುಣ್ಣದ ಗಚ್ಚಿಗೆ ಕಲಸಲು ಬೇಕು ಎಂದಿದ್ದ. ಬಂಗಾರದ ಚೀಟಿಯ ಮೂಲೆಯಲ್ಲಿದ್ದ ವ್ಯಾಪಾರಿಯ ಹೆಸರನ್ನು ಜವಾನನಿಂದ ಓದಿಸಿದ. ತುಕಾರಾಮನೇ.

ಅಣವೀರಪ್ಪ ನೀರು ಕೇಳಿ ಕಟ್ಟೆಗೆ ಬಂದು ಕೂತ. ನಿಜ ಹೇಳಿದರೆ ಕಳ್ಳಭಟ್ಟಿಗೆ ಬೆಲ್ಲ ಕೊಟ್ಟವನೆಂದು ಮೊದಲು ಹಿಡಿಯುವುದು ತನ್ನನ್ನೇ. ಸುಳ್ಳು ಹೇಳಿದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ನಾಳೆ ಯಾವ ಪೆಂಟೆಯನ್ನು ಎತ್ತಿದರೂ ಇದೇ ಕಹಿ ಹೊಗೆ ನೆನಪಾಗುವುದು ಖಂಡಿತ. ಕೆಲಸ ಕಳೆದುಕೊಂಡ ಆ ನಿದ್ದೆಬಡುಕ ಆಳೂ ನೆನಪಾದ. ಎದ್ದು ಒಳಗೆ ಹೋದ.

“ಇದು ಇಪ್ಪತ್ತು ವರ್ಷದ್ದಲ್ರೀ ಸಾಹೇಬ್ರ. ಹನ್ನೊಂದು ತಿಂಗಳದ್ದು. ಬೆಲ್ಲಾ ನಂದ ಅದ. ತಳಾ ಹತ್ತಿತ್ತು, ಬೇವಿನ ಬಾಗಲದ ಹೊಗಿ ಕುಡದದ.”

ಡಾಕ್ಟರು ರಂಗೂನಿನ ಕಡೆ ನೋಡುವವರಂತೆ ಕಿಟಕಿಯ ಹೊರಗೆ ನೋಡಿದರು. ಇನಾಯತ್ ಸಾಹೇಬರು, ಕಾಗದ ಹೈದರಾಬಾದಿಗೆ ಹೋಗಿಬಿಟ್ಟಿದೆ ಎಂಬುದನ್ನು ಮೆಲ್ಲಗೆ ಎರಡು ಸಲ ಹೇಳಿದರು. ವಕೀಲರು ಮಾತ್ರ ಎದೆಗುಂದಲಿಲ್ಲ. ಇನ್ನೊಂದು ಚಮಚ ಔಷಧ ತೆಗೆದುಕೊಂಡು, ಆ ಬಾಗಿಲು ಎಷ್ಟು ವರ್ಷದ್ದು ಎಂದು ಕೇಳಿದರು.

“ನಮ್ಮ ಮುತ್ತ್ಯಾನ ಕಾಲದ್ದರೀ. ಎಂಬತ್ತರ ಮ್ಯಾಲ ಆಗಿರಬೇಕು.”

“ಹಂಗಾದ್ರ ಎಂಬತ್ತು ವರ್ಷದ ಹೊಗಿ ಇದರಾಗ ಹೊಕ್ಕದ ಅಂತ ನೀವಽ ಹೇಳಾಕತ್ತೀರಿ,” ಎಂದರು ವಕೀಲರು. ಆಮೇಲೆ ಬೆರಳು ಮಡಚುತ್ತ ವಾದ ಬೆಳೆಸಿದರು. ರಮ್ಮಿಗೆ ವಯಸ್ಸು ಬರುವುದು ಮರದಿಂದ. ಮರ ಹೊರಗಿನಿಂದ ಪೀಪಾಯಿಯಾಗಿ ಬಂದರೇನು, ಒಲೆಯಿಂದ ಹೊಗೆಯಾಗಿ ಬಂದರೇನು, ಕಾನೂನಿಗೆ ಭೇದವಿಲ್ಲ. ಎಂಬತ್ತು ವರ್ಷಕ್ಕೆ ಹನ್ನೊಂದು ತಿಂಗಳು ಕೂಡಿಸಿ ಸರಾಸರಿ ತೆಗೆದರೆ ನಲವತ್ತರ ಮೇಲಾಗುತ್ತದೆ. ಇಪ್ಪತ್ತೆಂದು ಬರೆದದ್ದು ತುಕಾರಾಮನ ವಿನಯ.

ಡಾಕ್ಟರು ಕಿಟಕಿಯಿಂದ ಮುಖ ತಿರುಗಿಸಿ, ರಂಗೂನಿನಲ್ಲಿಯೂ ಬಾಗಿಲುಗಳಿದ್ದವು ಎಂದರು.

ಪಂಚನಾಮೆ ಬರೆದು ಅಣವೀರಪ್ಪನಿಗೆ ಓದಿ ಹೇಳಿದರು. ಬೆಲ್ಲ ಕಮಲಾಪುರದ್ದು, ಬಾಗಿಲು ಬೇವಿನದು, ವಯಸ್ಸು ಎಂಬತ್ತು. ಅವನು ಹೇಳಿದ ಮಾತು ಒಂದೂ ಬದಲಾಗಿರಲಿಲ್ಲ. ಹನ್ನೊಂದು ತಿಂಗಳು ಕೂಡ ಸರಾಸರಿಯ ಲೆಕ್ಕದೊಳಗೆ ಅಡಗಿ ಕೂತಿತ್ತು. ಸುಳ್ಳು ಎಲ್ಲಿದೆ ಎಂದು ಎಷ್ಟು ಹುಡುಕಿದರೂ ಅವನ ಕೈಗೆ ಸಿಗಲಿಲ್ಲ. ಕಾಗದಕ್ಕೆ ವಾಸನೆಯೂ ಇರಲಿಲ್ಲ. ಸಹಿ ಹಾಕಿ ಊರಿಗೆ ಬಂದ.

ಔತಣ ಸಾಂಗವಾಗಿ ನಡೆಯಿತು. ಹೈದರಾಬಾದಿನ ಸಾಹೇಬರು ಎರಡು ಗ್ಲಾಸು ಕುಡಿದು, ಇದರಲ್ಲಿ ಯಾವುದೋ ಹಳೆಯ ಮನೆತನದ ಗಾಳಿ ಇದೆ ಎಂದು ಕೊಂಡಾಡಿದರಂತೆ. ಪಂಚನಾಮೆಯ ಸುದ್ದಿ ತಿಳಿದು ಮರುವಾರವೇ ತುಕಾರಾಮ ಎರಡು ಬಂಡಿ ಕಟ್ಟಿಕೊಂಡು ಕಮಲಾಪುರಕ್ಕೆ ಬಂದ. ಒಂದು ಬಂಡಿ ತಳ ಹತ್ತಿದ ಬೆಲ್ಲಕ್ಕೆ, ಇನ್ನೊಂದು ಹಳೆಯ ಬಾಗಿಲಿಗೆ.

ಊರಿಗೆ ಹುಚ್ಚು ಹಿಡಿಯಿತು. ಹಿತ್ತಲ ಬಾಗಿಲು, ದನದ ಕೊಟ್ಟಿಗೆಯ ಬಾಗಿಲು ಮೊದಲು ಹೋದವು. ಆಮೇಲೆ ತಲಬಾಗಿಲಿಗೇ ಕೈ ಹಾಕಿದರು. ಮೂರು ತಲೆಮಾರು ಹಬ್ಬಕ್ಕೊಮ್ಮೆ ಕುಂಕುಮ ಹಚ್ಚಿಸಿಕೊಂಡ ಬಾಗಿಲುಗಳು ಬಂಡಿ ಏರಿದವು. ಅವುಗಳ ಜಾಗದಲ್ಲಿ ಗೋಣಿತಟ್ಟು ತೂಗಾಡಿತು. ನಾಯಿಗಳು ನೇರವಾಗಿ ಅಡುಗೆಮನೆಗೆ ನಡೆದು ರೊಟ್ಟಿ ಬುಟ್ಟಿಗೆ ಬಾಯಿ ಹಾಕಿದವು. ಪಾಕವನ್ನು ಬೇಕೆಂದೇ ಕರಿಕು ಮಾಡುವ ಹೊಸ ವಿದ್ಯೆಯನ್ನು ಗಾಣದವರು ಕಲಿತರು. ಅಣವೀರಪ್ಪ ಒಬ್ಬನೇ ಹೊಂಬಣ್ಣದ ಬೆಲ್ಲ ತೆಗೆದ. ಗಿರಾಕಿಗಳು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಸುಟ್ಟದ್ದು ಇಲ್ಲವೇ ಎಂದು ಕೇಳಿ ಮುಂದೆ ಹೋದರು.

“ಒಂದು ಖರೇ ಮಾತು ಹೇಳಿ ಊರ ಬಾಗಲಾ ಎಲ್ಲಾ ಕಳದ್ರಿ,” ಎಂದಳು ಸೂಗಮ್ಮ.

ಆ ಹೊತ್ತಿಗೆ ಬಾಗಿಲುಗಳ ವಯಸ್ಸನ್ನು ಪರಿಶೀಲಿಸಲೆಂದು ಇನಾಯತ್ ಸಾಹೇಬರೇ ಕಮಲಾಪುರಕ್ಕೆ ಬಂದರು. ಅಣವೀರಪ್ಪನ ಗಾಣದಲ್ಲಿ ಹಸಿ ಪಾಕ ಕುದಿಯುತ್ತಿತ್ತು. ಜವಾನರನ್ನು ಹೊರಗೆ ಕಳಿಸಿ, ಸಾಹೇಬರು ಕೊಪ್ಪರಿಗೆಯ ಹತ್ತಿರ ಬಹಳ ಹೊತ್ತು ನಿಂತರು. ಆಮೇಲೆ, ಇದರ ವಾಸನೆ ಹೇಗಿರುತ್ತದೆ ಎಂದು ಕೇಳಿದರು.

ಅಣವೀರಪ್ಪ ಪರೀಕ್ಷೆಯೆಂದು ತಿಳಿದು ನೊರೆ ತೆಗೆಯತೊಡಗಿದ.

“ಸಣ್ಣಂವ ಇದ್ದಾಗ ದೊಡ್ಡ ಜ್ವರ ಬಂದಿತ್ತು, ಅಣವೀರಪ್ಪ. ಅಂದಿನಿಂದ ಮೂಗಿಗೆ ಏನೂ ತಿಳಿಯಂಗಿಲ್ಲ. ಗುಲಾಬ್ ಅತ್ತರಿಗೂ ಗ್ಯಾಸೆಣ್ಣಿಗೂ ನನಗ ಫರಕ್ ಇಲ್ಲ. ನಮ್ಮ ಮನಿಯಾಕಿಗೆ ಬಿಟ್ರ ಈ ಮಾತು ಯಾರಿಗೂ ಗೊತ್ತಿಲ್ಲ.”

ಅಜ್ಜನ ಪುಸ್ತಕದ ರಟ್ಟು ಎಲ್ಲಿಂದ ಬಂತು ಎಂದು ಅಣವೀರಪ್ಪ ಕೇಳಲಿಲ್ಲ. ಹಸಿ ಕಬ್ಬಿನ ಹಾಲು ಮೊದಲು ಮಳೆ ಬಿದ್ದ ಹುಲ್ಲಿನ ಹಾಗಿರುತ್ತದೆ, ನೊರೆ ತೆಗೆದ ಮೇಲೆ ಎಳೆಗರುವಿನ ಮೈಯ ಹಾಗೆ, ಪಾಕ ಬಂದಾಗ ಬಿಸಿಲಲ್ಲಿ ಕಾದ ಕಂಬಳಿಯ ಹಾಗೆ ಎಂದು ನಿಧಾನವಾಗಿ ಹೇಳಿದ. ಸಾಹೇಬರು ಕಣ್ಣು ಮುಚ್ಚಿ ಕೇಳಿದರು. ಅವರ ಮೇಲೆ ಅಣವೀರಪ್ಪ ಇಟ್ಟುಕೊಂಡಿದ್ದ ಸಿಟ್ಟು ಹೇಳುತ್ತ ಹೇಳುತ್ತ ಇಳಿದುಹೋಯಿತು.

ತುಕಾರಾಮನ ಹಕ್ಕನ್ನು ಕಿತ್ತುಕೊಳ್ಳಲು ತಮ್ಮಿಂದಾಗದು, ಹೈದರಾಬಾದಿನ ಮೆಚ್ಚುಗೆ ಕಡತದಲ್ಲಿ ಕೂತಿದೆ ಎಂದು ಸಾಹೇಬರು ನೊಂದುಕೊಂಡರು. ಆಗ ಅಣವೀರಪ್ಪನ ತಲೆಯಲ್ಲಿ ವಕೀಲರ ದನಿ ಕೇಳಿಸಿದಂತಾಯಿತು. ಪರೀಕ್ಷೆಯಾಗದ ಹಳೆ ಮಾಲಿಗೆ ಕಮಿಟಿಯ ಕಾನೂನು ಏನು ಎಂದು ವಿಚಾರಿಸಿದ. ಮೊಹರು ಹಾಕಿಡಬೇಕು, ಮೂವರು ಸದಸ್ಯರೂ ಕೂಡಿ ಒಪ್ಪುವ ತನಕ ಮುಟ್ಟುವಂತಿಲ್ಲ, ಜಾಗ ಬಿಟ್ಟು ಕದಲಿಸುವಂತಿಲ್ಲ ಎಂದರು ಸಾಹೇಬರು.

“ರಮ್ಮಿನ ವಯಸ್ಸ ಬಾಗಲದಾಗ ಅದ ಅಂತ ಕಮಿಟಿನೇ ಬರದದರೀ. ಹಂಗಾದ್ರ ಬಾಗಲಾ ಹಳೇ ಮಾಲ್ ಆತಲ್ರೀ?”

ಸಾಹೇಬರು ಅವನ ಮುಖವನ್ನೇ ನೋಡಿದರು. ಆಮೇಲೆ ಜವಾನರನ್ನು ಕರೆದು ಅರಗು ಕಾಯಿಸಲು ಹೇಳಿದರು.

ಸಂಜೆಯೊಳಗೆ ಕಮಲಾಪುರದಲ್ಲಿ ಉಳಿದಿದ್ದ ಬಾಗಿಲುಗಳಿಗೆಲ್ಲ ಕೆಂಪು ಮೊಹರು ಬಿತ್ತು. ತುಕಾರಾಮ ಕೊಂಡು ಇನ್ನೂ ಸಾಗಿಸದೆ ಬಿಟ್ಟಿದ್ದ ಹತ್ತೊಂಬತ್ತನ್ನು ಆಯಾ ಚೌಕಟ್ಟಿಗೆ ಮರಳಿ ಕೂರಿಸಲಾಯಿತು. ಅವನು ಪರವಾನಗಿಗೆ ಅರ್ಜಿ ಹಾಕಿದ. ಕಮಿಟಿ ಅದನ್ನು ಗಂಭೀರವಾಗಿ ತೆಗೆದುಕೊಂಡು, ಒಂದೊಂದು ಬಾಗಿಲಿಗೆ ಏಳು ದಿನದಂತೆ ಬೈಠಕ್ಕು ಗೊತ್ತುಮಾಡಿತು. ಬೈಠಕ್ಕಿಗೆ ಹೋಲಿಕೆಗಾಗಿ ನಾಲ್ಕು ಸೀಸೆ ರಮ್ಮು ಒದಗಿಸುವುದು ಅರ್ಜಿದಾರನ ಜವಾಬ್ದಾರಿ. ಮೂರನೆಯ ಬಾಗಿಲಿನ ಹೊತ್ತಿಗೆ ತುಕಾರಾಮನ ಉಗ್ರಾಣ ಬರಿದಾಯಿತು. ಅವನು ನಂದೂರಿನಲ್ಲಿ ನಿಜವಾಗಿಯೂ ಮನೆ ಕಟ್ಟಿಸುವ ಗುತ್ತಿಗೆ ಹಿಡಿದ.

ಬಾಗಿಲುಗಳು ಉಳಿದವು. ಮೊಹರೂ ಉಳಿಯಿತು. ಮುರಿದ ಚಿಲಕವನ್ನು ಬದಲಿಸಲೂ ಕಲಬುರ್ಗಿಗೆ ಅರ್ಜಿ ಹೋಗಬೇಕಾಯಿತು. ಅಣವೀರಪ್ಪನ ಮನೆಯ ತಲಬಾಗಿಲು ಅರ್ಧ ತೆರೆದಿದ್ದಾಗಲೇ ಜವಾನ ತಿರುಗಣೆಗೇ ಅರಗು ಸುರಿದು ಹೋಗಿದ್ದನಾದ್ದರಿಂದ, ಸೂಗಮ್ಮ ಆ ವರ್ಷವೆಲ್ಲ ಕೊಡ ಹೊತ್ತು ಅಡ್ಡಡ್ಡಲಾಗಿ ಒಳಗೆ ಬರುತ್ತಿದ್ದಳು. ಬರುವಾಗೊಮ್ಮೆ ಗಂಡನ ಮೂಗಿನ ಕಡೆ ನೋಡುತ್ತಿದ್ದಳು.