ನಿಮ್ಮ ಕೆಲಸಕ್ಕೇನೂ ಆಗಲ್ಲ

ಗಾಜಿನ ಕಾರ್ಖಾನೆಯಲ್ಲಿ ಬಾಟಲಿಗಳನ್ನು ದೀಪಕ್ಕೆ ಹಿಡಿದು ಬಿರುಕು ಹುಡುಕುವುದು ಅವಳ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಬಿರುಕಕ್ಕ. ಮನೆಯಲ್ಲೂ ಅದೇ ಬುದ್ಧಿ. ಗಂಡ ಸುಮ್ಮನೆ ನಕ್ಕರೂ ಯಾಕೆ ನಕ್ಕ ಎಂದು ತಲೆ ಕೆಡಿಸಿಕೊಳ್ಳುವ ಪೈಕಿ. ಅಂಥವಳು ಕಣ್ಣು ಮುಚ್ಚಿ ನಂಬಿದ್ದು ಒಬ್ಬನನ್ನೇ, ತಮ್ಮನನ್ನು. ಅಮ್ಮ ಹೋದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಈಗ ಅವನು ಕಾರ್ಮಿಕ ಸಂಘದ ಮುಖಂಡ.

ಸರ್ಕಾರ ಹಿಂದೆ ವಶಪಡಿಸಿಕೊಂಡಿದ್ದ ಕಾರ್ಖಾನೆಯನ್ನು ಹಳೇ ಮಾಲೀಕರ ಮೊಮ್ಮಗನಿಗೆ ವಾಪಸ್ ಕೊಡುತ್ತದೆ ಎಂಬ ಸುದ್ದಿ ಬಂದಾಗಿನಿಂದ ಬಿರುಕಕ್ಕನಿಗೆ ಎಲ್ಲದರ ಮೇಲೂ ಗುಮಾನಿ. ವರ್ಷಗಟ್ಟಲೆ ಸೋರುತ್ತಿದ್ದ ನಲ್ಲಿ ಇದ್ದಕ್ಕಿದ್ದಂತೆ ರಿಪೇರಿಯಾಯಿತು. ಯಾಕೆ? ಕಂಡರೆ ಸಿಡುಕುತ್ತಿದ್ದ ಮ್ಯಾನೇಜರು "ಊಟ ಆಯ್ತೇನಮ್ಮಾ?" ಎಂದು ಹಲ್ಲು ಕಿರಿದ. ಯಾಕೆ? ನೋಡಲು ಬಂದ ಮೊಮ್ಮಗ ಕುಲುಮೆಯ ಕಡೆ ಸುಳಿಯದೆ ಗೋದಾಮಿನ ಹಿಂದಿನ ಖಾಲಿ ಜಾಗದಲ್ಲೇ ಓಡಾಡಿಕೊಂಡಿದ್ದ.

"ನಮ್ಮನ್ನ ಮನೆಗೆ ಕಳಿಸ್ತಾರೆ ಕಣೋ," ಅಂದಳು ತಮ್ಮನಿಗೆ.

"ಸುಮ್ನಿರಕ್ಕ, ನಾನಿಲ್ವಾ?"

ಅಷ್ಟು ಸಾಕಾಯಿತು ಅವಳಿಗೆ.

ಕೆಲಸಗಾರರು ಒಪ್ಪಿದರೆ ಮಾತ್ರ ಕಾರ್ಖಾನೆ ಕೈ ಬದಲಾಗುವುದು ಎಂದಾಗಿತ್ತು. ಊಟದ ಹಾಲ್‌ನಲ್ಲಿ ಸಭೆ. ಮೊಮ್ಮಗ ಕುರ್ಚಿ ಹಾಕಿಕೊಂಡು ಮೂಲೆಯಲ್ಲಿ ಕುಳಿತಿದ್ದ. ಪ್ಯಾಕಿಂಗಿನ ಹೆಂಗಸರೆಲ್ಲ ಬಿರುಕಕ್ಕ ಕೈ ಎತ್ತುವುದನ್ನೇ ಕಾಯುತ್ತಿದ್ದರು.

"ಹೆದರ್ಬೇಡಿ," ಅಂದ ತಮ್ಮ, "ನಿಮ್ಮ ಕೆಲಸಕ್ಕೇನೂ ಆಗಲ್ಲ. ಒಪ್ಪೋರು ಕೈ ಎತ್ತಿ."

ಎತ್ತಲು ಹೊರಟ ಅವಳ ಕೈ ಅರ್ಧಕ್ಕೇ ನಿಂತಿತು. ಹಿಂದೆ ಮುಷ್ಕರದಲ್ಲಿ ಇದೇ ಹುಡುಗ 'ನಮ್ಮ ಕೂಲಿ, ನಮ್ಮ ಹೊಟ್ಟೆ' ಎಂದು ಗಂಟಲು ಹರಿದುಕೊಂಡಿದ್ದ. 'ನಿಮ್ಮ' ಅನ್ನೋದು ಯಾವತ್ತೂ ಅವನ ಬಾಯಲ್ಲಿ ಬಂದದ್ದಿಲ್ಲ.

"ನಿಮ್ಮ ಕೆಲಸ ಅಂದ್ಯಲ್ಲ," ಅವಳು ಎದ್ದು ನಿಂತಳು, "ನಮ್ಮದು ಅಂತ ಯಾಕೆ ಅನ್ಲಿಲ್ಲ?"

"ಅಯ್ಯೋ, ಏನೋ ಬಾಯ್ತಪ್ಪಿ ಬಂತು ಬಿಡಕ್ಕ."

"ಹಾಗಾದ್ರೆ ಈಗ ಸರಿಯಾಗಿ ಹೇಳಪ್ಪ."

ಯಾರೋ ಕಿಸಕ್ಕೆಂದರು. ತಮ್ಮ ನಗಲಿಲ್ಲ. ಬಾಯಿ ತೆರೆದವನು ಮೂಲೆಯ ಕುರ್ಚಿಯ ಕಡೆ ನೋಡಿದ. ಮೊಮ್ಮಗ ಆಗಲಿ ಎಂಬಂತೆ ಒಂಚೂರು ತಲೆಯಾಡಿಸಿದ.

"ನಮ್ಮ ಕೆಲಸಕ್ಕೇನೂ ಆಗಲ್ಲ," ಅಂದ ತಮ್ಮ.

ಮೂಲೆಯ ಆ ತಲೆಯಾಟ ಬಿರುಕಕ್ಕನ ಕಣ್ಣು ತಪ್ಪಲಿಲ್ಲ. ನಾಲ್ಕು ಜನರೆದುರು ತಮ್ಮನ ಮರ್ಯಾದೆ ಕಳೆಯುವುದೆಂದರೆ ಅವಳಿಗೆ ಪ್ರಾಣ ಹೋದ ಹಾಗೆ. ಆದರೂ ಕೈ ಕೆಳಗಿಳಿಸಿ ಕುಳಿತಳು. ಅವಳನ್ನು ನೋಡಿ ಅರ್ಧ ಎತ್ತಿದ್ದ ಹಿಂದಿನ ಹೆಂಗಸರ ಕೈಗಳೂ ಒಂದೊಂದಾಗಿ ಇಳಿದವು.

"ಅಕ್ಕಾ..." ಅಂದ ತಮ್ಮ, ಚಿಕ್ಕಂದಿನಲ್ಲಿ ಏಟು ಬಿದ್ದಾಗ ಕರೆಯುತ್ತಿದ್ದ ಧ್ವನಿಯಲ್ಲಿ.

ಅವಳು ತಲೆ ಎತ್ತಲಿಲ್ಲ.