ಕೈಕಟ್ಟಿ ಕೂತ ಮೇಷ್ಟ್ರು

ವಿಮಾನ ಹಾರಿಸುವುದನ್ನು ಕಲಿಸುವ ಮೇಷ್ಟ್ರಿಗೆ ಇದ್ದದ್ದು ಒಂದೇ ಕೆಟ್ಟ ಚಟ. ಶಿಷ್ಯರು ಚೂರು ತಡವರಿಸಿದರೆ ಸಾಕು, ಕಂಟ್ರೋಲಿಗೆ ತಾವೇ ಕೈ ಹಾಕಿಬಿಡುತ್ತಿದ್ದರು. ಹೊರಗಿನವರ ಪಾಡೇ ಹೀಗಿದ್ದ ಮೇಲೆ, ಪಕ್ಕದಲ್ಲಿ ಸ್ವಂತ ಸೊಸೆ ಕೂತಾಗ ಕೇಳಬೇಕೆ? ಅವಳ ಜೊತೆ ಸೇರಿದವರೆಲ್ಲ ಒಂಟಿಯಾಗಿ ಹಾರಿ ಬಂದು ಮೀಸೆ ತಿರುವುತ್ತಿದ್ದರು. ಅವಳಿಗೆ ಮಾತ್ರ ಮಾವನ ಒಪ್ಪಿಗೆ ಸಿಕ್ಕಿರಲಿಲ್ಲ.

"ಇವತ್ತು ಎಂಜಿನ್ ನಿಂತಾಗ ಇಳಿಸೋ ಅಭ್ಯಾಸ. ನಾನು ಕೈ ಹಾಕೋ ಹಾಗೆ ಆಗದಿದ್ರೆ ಮುಂದಿನ ಸಲ ನೀನೊಬ್ಬಳೇ ಹೋಗು," ಎಂದಿದ್ದರು ಮೇಷ್ಟ್ರು.

"ಅತ್ತೆ ಮುಂದೆ ಹೇಳಿದೀರ, ಮಾತು ತಪ್ಪೋ ಹಾಗಿಲ್ಲ."

ಹೊಲಗಳ ಮೇಲೆ ಬಂದಾಗ ಮೇಷ್ಟ್ರು ಎಂಜಿನ್ನಿನ ಶಕ್ತಿ ಏರಿಸಿ ಇಳಿಸುವ ಥ್ರಾಟಲನ್ನು ಹಿಂದಕ್ಕೆಳೆದರು. "ಹ್ಞಾಂ, ಎಂಜಿನ್ ಹೋಯ್ತು ಅಂದ್ಕೋ." ಸೊಸೆ ಗಡಿಬಿಡಿ ಮಾಡಲಿಲ್ಲ. ವಿಮಾನದ ಮೂತಿಯನ್ನು ಹದವಾಗಿ ತಗ್ಗಿಸಿ ವೇಗ ಏರದಂತೆ, ಇಳಿಯದಂತೆ ಹಿಡಿದಳು. ದೂರದ ಚಿಮಣಿಯ ಹೊಗೆ ನೋಡಿ ಗಾಳಿ ಯಾವ ಕಡೆಯದೆಂದು ಅಂದಾಜು ಮಾಡಿದಳು.

ಇಳಿಯುವಾಗ ನಡುನಡುವೆ ಎಂಜಿನ್ ತಣ್ಣಗಾಗದಂತೆ ಥ್ರಾಟಲನ್ನು ಒಂದಿಷ್ಟು ಒತ್ತುವುದು ರೂಢಿ. ಮೇಷ್ಟ್ರು ಒತ್ತಿದರು. ಸದ್ದಿಲ್ಲ. ಮತ್ತೊಮ್ಮೆ ಒತ್ತಿದರು. ಊಹೂಂ. ಪ್ರೊಪೆಲ್ಲರ್ ಬರೀ ಗಾಳಿಗೆ ತಿರುಗುತ್ತಿತ್ತು. ಎಂಜಿನ್ ನಿಜವಾಗಿಯೂ ನಿಂತುಹೋಗಿತ್ತು.

ಸೊಸೆ ಅಭ್ಯಾಸದ ಕ್ರಮದಂತೆಯೇ ಇನ್ನೊಂದು ಟ್ಯಾಂಕಿಗೆ ಪೆಟ್ರೋಲ್ ಕೀಲಿ ತಿರುಗಿಸಿದಳು, ಮಾಡಬೇಕಾದ ಪರೀಕ್ಷೆಗಳನ್ನೆಲ್ಲ ಮುಗಿಸಿದಳು. ಎಂಜಿನ್ ಜಪ್ಪಯ್ಯ ಅನ್ನಲಿಲ್ಲ. ವೇಗದ ಮುಳ್ಳು ಮಾತ್ರ ಅವಳು ಹಿಡಿದ ಹದದಲ್ಲೇ ಅಲುಗದೆ ನಿಂತಿತ್ತು. ಹೇಳಿದರೆ ಗಾಬರಿಯಾದಾಳು, ಹೇಳದಿದ್ದರೇ ಚೆನ್ನಾಗಿ ಇಳಿಸ್ತಾಳೆ ಅನ್ನಿಸಿತು ಮೇಷ್ಟ್ರಿಗೆ. ಚಡಪಡಿಸುವ ಕೈಗಳನ್ನು ಎದೆಗೆ ಬಿಗಿಯಾಗಿ ಕಟ್ಟಿಕೊಂಡರು. ಅವರ ಜೀವಮಾನದಲ್ಲೇ ಅಷ್ಟು ಕಷ್ಟದ ಕೆಲಸ ಇನ್ನೊಂದಿರಲಿಲ್ಲ.

ಎದುರಿಗಿದ್ದ ವಿಶಾಲ ಹಸಿರು ಹೊಲವನ್ನು ಅವರು ಮನಸ್ಸಿನಲ್ಲೇ ಗುರುತು ಹಾಕಿಕೊಂಡಿದ್ದರು. ಅವಳೋ ಅದನ್ನು ಬಿಟ್ಟು, ಕಟಾವಾದ ಸಣ್ಣ ಹೊಲದತ್ತ ತಿರುಗಿಸಿಬಿಟ್ಟಳು! ಮೇಷ್ಟ್ರು ಕೈಗಳನ್ನು ಕಂಕುಳಲ್ಲಿ ಇನ್ನಷ್ಟು ಅವುಚಿಕೊಂಡರು.

"ಆ ದೊಡ್ಡದು ಬೇಡ್ವೇನಮ್ಮ?"

"ಅಡ್ಡಕ್ಕೆ ಕಂಬಗಳಿವೆ ಮಾವ. ಕಂಬ ಇದ್ದ ಕಡೆ ತಂತಿನೂ ಇರುತ್ತಲ್ಲ."

ಮೇಷ್ಟ್ರು ಕಣ್ಣು ಕಿರಿದು ಮಾಡಿ ನೋಡಿದರು. ಹೌದು, ಸಾಲು ಕಂಬಗಳು. ತಾವು ಕೈ ಹಾಕಿದ್ದರೆ ನೇರ ತಂತಿಗೇ ಹೋಗಿ ಸಿಕ್ಕಿಕೊಳ್ಳುತ್ತಿದ್ದರು. ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ಈಗ ಎತ್ತರ ಜಾಸ್ತಿ. ಹೊಸಬರು ಇಲ್ಲಿ ಮೂತಿಯನ್ನು ಕೆಳಕ್ಕೆ ಒತ್ತಿ ವೇಗ ಹೆಚ್ಚಿಸಿಕೊಂಡು, ಹೊಲವನ್ನೇ ದಾಟಿ ಹೋಗುತ್ತಾರೆ. ಇವಳು ರೆಕ್ಕೆಯಂಚಿನ ಫ್ಲ್ಯಾಪ್ ಪೂರ್ತಿ ಇಳಿಸಿ, ಒಂದು ರೆಕ್ಕೆ ತಗ್ಗಿಸಿ, ವಿಮಾನವನ್ನು ಓರೆಯಾಗಿ ಜಾರಿಸಿ, ವೇಗ ಏರದಂತೆ ಎತ್ತರ ಕಳೆದಳು. ಬೇಲಿ ಕೆಳಗೆ ಸರಿಯಿತು. ಗಾಲಿಗಳು ಕೂಳೆಗೆ ತಾಗಿ ದಡದಡ ಕುಣಿದವು. ಬದು ಇನ್ನೂ ನಾಲ್ಕು ಮಾರು ಇದೆ ಅನ್ನುವಾಗ ವಿಮಾನ ನಿಂತಿತು.

"ಅಮ್ಮಾ, ಒಂದು ವಿಷಯ ಹೇಳ್ಬೇಕು. ಎಂಜಿನ್ ನಿಜವಾಗ್ಲೂ..." ಎನ್ನುತ್ತ ಮೇಷ್ಟ್ರು ಪೆಟ್ರೋಲ್ ಕೀಲಿಗೆ ಕೈ ಚಾಚಿದರು. ಅದು ಆಗಲೇ ಮುಚ್ಚಿತ್ತು. ಸ್ವಿಚ್ಚುಗಳೂ ಆರಿದ್ದವು. ಬೆಂಕಿ ಹತ್ತದಿರಲೆಂದು ನಿಜವಾದ ಅಪಾಯದಲ್ಲಿ ಮಾಡುವ ಕೆಲಸ ಅದು; ಅಭ್ಯಾಸದಲ್ಲಿ ಅವನ್ನು ಮುಟ್ಟಿ ಬಾಯಲ್ಲಿ ಹೇಳುತ್ತಾರೆ ಅಷ್ಟೇ, ನಿಜಕ್ಕೂ ಯಾರೂ ಆರಿಸುವುದಿಲ್ಲ.

"ನಿನಗೆ ಗೊತ್ತಿತ್ತಾ?"

"ನೀವು ಎರಡನೇ ಸಲ ಒತ್ತಿದಾಗಲೇ ಗೊತ್ತಾಯ್ತು."

"ಬಾಯಿ ಬಿಡಬಾರದಿತ್ತೇನೆ ಪುಣ್ಯಾತ್ಗಿತ್ತಿ!"

"ಬಿಟ್ಟಿದ್ರೆ ನೀವು ಕೈ ಹಾಕ್ತಿದ್ರಿ ಮಾವ," ಎಂದಳು ಸೊಸೆ.

ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕೆಳಗಿಳಿದು ಮನೆಗೆ ಫೋನು ಹಚ್ಚಿ, ಎಂಜಿನ್ ಕೈಕೊಟ್ಟಿದ್ದನ್ನೂ ಹೊಲದಲ್ಲಿ ಇಳಿದದ್ದನ್ನೂ ಹೆಂಡತಿಗೆ ಹೇಳಿದರು.

"ಅಯ್ಯಯ್ಯೋ! ಸದ್ಯ, ನೀವು ಪಕ್ಕದಲ್ಲಿದ್ರಲ್ಲ!"

"ಇದ್ದೆ ಕಣೆ," ಎಂದರು ಮೇಷ್ಟ್ರು, ಎದೆಯುಬ್ಬಿಸಿ. "ಏನೂ ಮಾಡ್ದೆ ಸುಮ್ನೆ ಕೂತಿದ್ದೆ."